ಕ್ಯಾಮೆರಾಕ್ಕೆ ಗಿರಾಕಿ ಇದ್ದಾರೆ, ನೆಗೆಟಿವ್‌ಗೆ?



ನಮ್ಮ ಹಾಸ್ಟೆಲಿನಲ್ಲಿ ಈ ವರ್ಷ ಹೊಸದೊಂದು ಶೋಕಿ ಶುರುವಾಗಿದೆ. ಹಳೇ ಕಾಲದ ಕ್ಯಾಮೆರಾವನ್ನು ಕೊರಳಿಗೆ ನೇತುಹಾಕಿಕೊಂಡು ಮೊಬೈಲಿನಲ್ಲಿ ಫೋಟೊ ಹೊಡೆಸಿಕೊಳ್ಳುವುದು! ಮೊನ್ನೆ ಒಬ್ಬ ಮಹಾಶಯ ಆಗ್ಫಾ ಕ್ಲಿಕ್-3 ತಂದಿದ್ದ. ಒಂದು ಕಾಲಕ್ಕೆ ಬರೋಡಾದಲ್ಲಿ ತಯಾರಾಗಿ ದೇಶದ ಮಧ್ಯಮವರ್ಗದ ಮನೆಗಳಿಗೆಲ್ಲ ಹೋದ ಕ್ಯಾಮೆರಾ ಅದು. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು, ಇನ್ನು ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ. ಇಸಕೊಂಡು ಹಿಂಬದಿ ಬಿಚ್ಚಿ ನೋಡಿದೆ. ಒಳಗೆ ಖಾಲಿ ಸ್ಪೂಲೂ ಇಲ್ಲ. "ರೋಲ್ ಹಾಕಲ್ವೇನೋ?" ಅಂದೆ. "ಇದಕ್ಕೆ ರೋಲ್ ಬೇರೆ ಹಾಕಬೇಕಾ?" ಅಂದ.

ಅವನನ್ನು ಆಡಿಕೊಳ್ಳಲಿಕ್ಕೆ ಇದನ್ನು ಬರೆಯುತ್ತಿಲ್ಲ. ಹಳೇ ಕ್ಯಾಮೆರಾ ಅಂದರೆ ನನಗೂ ಪ್ರಾಣವೇ. ಆದರೆ ನಮ್ಮ ಪ್ರೀತಿಯೆಲ್ಲ ಡಬ್ಬದ ಮೇಲೆಯೇ ನಿಂತುಬಿಟ್ಟಿದೆ, ಡಬ್ಬದೊಳಗಿಂದ ಬಂದದ್ದರ ಮೇಲೆ ಯಾರಿಗೂ ಕಣ್ಣಿಲ್ಲ ಅನ್ನುವುದು ನನ್ನ ತಕರಾರು. ಕ್ಯಾಮೆರಾವನ್ನು ಒರೆಸಿ ಷೋಕೇಸಿನಲ್ಲಿ ಇಡುತ್ತೇವೆ. ಅದೇ ಕ್ಯಾಮೆರಾ ಮೂವತ್ತು ವರ್ಷ ದುಡಿದು ಕೊಟ್ಟ ನೆಗೆಟಿವ್‌ಗಳನ್ನು ತೂಕಕ್ಕೆ ಹಾಕುತ್ತೇವೆ. ಇದು ಯಾವ ಸೀಮೆಯ ಲೆಕ್ಕ ಸ್ವಾಮಿ?

ಇದು ನನ್ನ ತಲೆಗೆ ಹೊಕ್ಕಿದ್ದು ಕಲ್ಕತ್ತೆಯಲ್ಲಿ. ಅದರಲ್ಲೂ ಬೆಹಾಲಾದಲ್ಲಿ.

ನಮ್ಮ ಸೋದರಮಾವ ಬ್ಯಾಂಕಿನ ಕೆಲಸದವರು. ಊರೂರು ಸುತ್ತಿ ಈಗ ಬೆಹಾಲಾದಲ್ಲಿ ಬಾಡಿಗೆ ಮನೆ ಮಾಡಿದ್ದಾರೆ. ಕಲ್ಕತ್ತೆಯ ದಕ್ಷಿಣಕ್ಕೆ ಡೈಮಂಡ್ ಹಾರ್ಬರ್ ರಸ್ತೆಯ ಎರಡೂ ಬದಿ ಹಬ್ಬಿಕೊಂಡ ಪ್ರದೇಶ. ಕ್ರಿಕೆಟ್ ಪ್ರಿಯರಿಗೆ ಸೌರವ್ ಗಂಗೂಲಿಯ ಊರು ಅಂದರೆ ಸಾಕು. 2023ರಲ್ಲಿ ಸೆಕೆಂಡ್ ಪಿಯುಸಿ ಪರೀಕ್ಷೆ ಮುಗಿಸಿ ಯಶವಂತಪುರದಲ್ಲಿ ರೈಲು ಹತ್ತಿ ಹೋದವನು ಎರಡು ತಿಂಗಳು ಅಲ್ಲೇ ಇದ್ದೆ. ಬಂಗಾಳಿ ಬಾರದು, ಹಿಂದಿ ಅಷ್ಟಕ್ಕಷ್ಟೆ, ಇಂಗ್ಲಿಷು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ ಓದಿದವನ ಇಂಗ್ಲಿಷು. ಮಾವನ ಮನೆಯ ಗಲ್ಲಿಯ ತುದಿಯಲ್ಲಿ ಒಂದು ಫೋಟೊ ಸ್ಟುಡಿಯೊ ಇತ್ತು. ಅಲ್ಲಿನ ಮುದುಕರಿಗೂ ನನಗೂ ಹೇಗೋ ಹೊಂದಿಕೆಯಾಯಿತು. ಇಬ್ಬರದೂ ಹರಕು ಹಿಂದಿ, ಅದಕ್ಕೇ ಇರಬೇಕು.

ಅವರನ್ನು ನಾನು ಕಾಕು ಅಂತಿದ್ದೆ. ಅಲ್ಲಿ ಕಾಕು ಅಂದರೆ ಚಿಕ್ಕಪ್ಪ. ಇದನ್ನು ನಮ್ಮ ಧಾರವಾಡದ ರೂಮ್‌ಮೇಟಿಗೆ ಹೇಳಿದಾಗ ಬಿದ್ದು ಬಿದ್ದು ನಕ್ಕ. ಅವರ ಕಡೆ ಕಾಕು ಅಂದರೆ ಚಿಕ್ಕಮ್ಮನಂತೆ!

ಕಾಕು ಅವರ ಕ್ಯಾಮೆರಾ ಯಾಷಿಕಾ-ಮ್ಯಾಟ್. ಈ ಸ್ಟೆನ್ಸಿಲ್ ಹಾಳೆಯಲ್ಲಿ ಫೋಟೊ ಮೂಡುವುದಿಲ್ಲ, ಆದ್ದರಿಂದ ಮಾತಿನಲ್ಲೇ ತೋರಿಸಬೇಕು. ಇಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಂಥ ಪೆಟ್ಟಿಗೆ. ಮುಂದೆ ಒಂದರ ಕೆಳಗೊಂದು ಎರಡು ಕಣ್ಣು. ಮೇಲಿನ ಕಣ್ಣು ನಾವು ನೋಡಲಿಕ್ಕೆ, ಕೆಳಗಿನದು ಫಿಲ್ಮ್ ನೋಡಲಿಕ್ಕೆ. ಜರ್ಮನಿಯಲ್ಲಿ 1929ರಲ್ಲಿ ಬಂದ ರೋಲಿಫ್ಲೆಕ್ಸ್ ಈ ಜಾತಿಯ ಕುಲದೇವತೆ, ಜಪಾನಿನ ಯಾಷಿಕಾ ಅದರ ಬಡ ನೆಂಟ. ಇದನ್ನು ಕಣ್ಣಿಗೆ ಹಿಡಿದುಕೊಳ್ಳುವುದಲ್ಲ, ಹೊಟ್ಟೆಯ ಹತ್ತಿರ ಹಿಡಿದು ತಲೆ ಬಗ್ಗಿಸಿ ಮೇಲಿನಿಂದ ಇಣುಕಬೇಕು. ತೇಯ್ದ ಗಾಜಿನ ಮೇಲೆ ಲೋಕ ಕಾಣುತ್ತದೆ, ಆದರೆ ಎಡ-ಬಲ ಅದಲುಬದಲು. ಬಲಕ್ಕೆ ನಡೆಯುವವನು ಗಾಜಿನಲ್ಲಿ ಎಡಕ್ಕೆ ಹೋಗುತ್ತಿರುತ್ತಾನೆ. ಅವನ ಹಿಂದೆ ಕ್ಯಾಮೆರಾ ತಿರುಗಿಸಲು ಹೋಗಿ ಮೊದಲ ವಾರವೆಲ್ಲ ಕುಡಿದವನ ಹಾಗೆ ಓಲಾಡಿದೆ.

ಇದಕ್ಕೆ ಹಾಕುವ ಫಿಲ್ಮಿಗೆ 120 ಅಂತ ಹೆಸರು. ಕೊಡಾಕ್‌ನವರು 1901ರಲ್ಲಿ ತಂದದ್ದು. ಎರಡು ಮಹಾಯುದ್ಧ ದಾಟಿ, ಡಿಜಿಟಲ್ಲನ್ನೂ ದಾಟಿ ಇವತ್ತಿಗೂ ತಯಾರಾಗುತ್ತಿದೆ. ಆರು ಸೆಂಟಿಮೀಟರಿನಷ್ಟು ಅಗಲದ ಪಟ್ಟಿ, ಹಿಂದೆ ಕಾಗದದ ಬೆನ್ನು. ಡಬ್ಬಿಯಿಲ್ಲ, ಏನಿಲ್ಲ. ನೆರಳಲ್ಲಿ ನಿಂತು ಸ್ಪೂಲಿಗೆ ತುರುಕಿ, ಕಾಗದದ ಮೇಲಿನ ಬಾಣದ ಗುರುತು ಕ್ಯಾಮೆರಾದ ಗುರುತಿಗೆ ಬರುವ ತನಕ ಸುತ್ತಿ, ಹಿಂಬದಿ ಮುಚ್ಚಿ, ಹಿಡಿ ತಿರುಗಿಸಿದರೆ 1 ಅಂತ ಬರುತ್ತದೆ. 12 ಆದ ಮೇಲೆ ಪೂರ್ತಿ ಸುತ್ತಿ ತೆಗೆದು, ತುದಿಯ ಅಂಟು ಕಾಗದವನ್ನು ನಾಲಗೆಗೆ ತಾಗಿಸಿ ಅಂಟಿಸುವುದು. ಅಂಚೆ ಲಕೋಟೆ ಅಂಟಿಸಿದ ಹಾಗೆಯೇ. ಈ ರುಚಿ ಗೊತ್ತಿಲ್ಲದವರು ಫಿಲ್ಮ್ ಕ್ಯಾಮೆರಾದ ಬಗ್ಗೆ ಮಾತಾಡಬಾರದು ಅಂತ ನನ್ನ ಕಾನೂನು!

ಹನ್ನೆರಡೇ ಚಿತ್ರ. ಇವತ್ತಿನ ದರದಲ್ಲಿ ಕಪ್ಪು-ಬಿಳುಪು ರೋಲಿಗೆ ಸಾವಿರದ ಆಚೀಚೆ, ಮೇಲೆ ಔಷಧದ ಖರ್ಚು. ಒಂದು ಸಲ ಬಟನ್ ಒತ್ತಿದರೆ ನಮ್ಮ ಕ್ಯಾಂಟೀನಿನ ಎರಡು ಮಸಾಲೆದೋಸೆ ಹೋದ ಹಾಗೆ. ನಾನು ಕಾಮರ್ಸಿನವನು, ಈ ಲೆಕ್ಕ ತಲೆಯಲ್ಲಿ ಓಡುತ್ತಲೇ ಇರುತ್ತದೆ. ಆದ್ದರಿಂದ ಮೊದಲ ರೋಲ್ ಮುಗಿಯಲು ಹನ್ನೊಂದು ದಿನ ಬೇಕಾಯಿತು.

ಆ ಹನ್ನೊಂದು ದಿನಗಳ ಸುಖ ಏನೆಂದು ಹೇಳಲಿ! ಬೆಹಾಲಾದ ಬರಿಷಾದಲ್ಲಿ ಸಾವರ್ಣ ರಾಯ್ ಚೌಧುರಿಗಳ ಹಳೇ ಜಮೀನ್ದಾರಿ ಜಾಗವಿದೆ. ಸುತಾನುಟಿ, ಗೋವಿಂದಪುರ, ಕಲಿಕಾತಾ ಎಂಬ ಮೂರು ಹಳ್ಳಿಗಳ ಹಕ್ಕು 1698ರ ನವೆಂಬರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಹೋದದ್ದು ಈ ಮನೆತನದ ಕೈಯಿಂದ. ಮುಂದೆ ಕಲ್ಕತ್ತಾ ನಗರವಾದದ್ದು ಆ ಮೂರು ಹಳ್ಳಿಗಳೇ. ಇವರ ದುರ್ಗಾಪೂಜೆ 1610ರಿಂದ ನಡೆದು ಬಂದದ್ದು. ಪೂಜೆಯ ಆಟ್‌ಚಾಲಾ ಮಂಟಪದ ಎದುರು ಯಾಷಿಕಾ ಹಿಡಿದು ನಿಂತಿದ್ದೆ. ಒಬ್ಬ ಅಜ್ಜಿ ಬಂದು ಎದುರಿಗೆ ನಿಂತರು. ಸೆರಗು ಸರಿಮಾಡಿಕೊಂಡರು. ನಾನು ತಲೆ ಬಗ್ಗಿಸಿದೆ. ಅವರೂ ಸುಮ್ಮನೆ ಒಂದು ನಿಮಿಷ ನಿಂತೇ ಇದ್ದರು. ಮೊಬೈಲ್ ಹಿಡಿದರೆ ಮುಖಕ್ಕೆ ಮುಖ ಒಡ್ಡಿದ ಹಾಗೆ, ಜನ ಕೈ ಅಡ್ಡ ಹಿಡಿಯುತ್ತಾರೆ. ಈ ಕ್ಯಾಮೆರಾದಲ್ಲಿ ಫೋಟೊ ತೆಗೆಯುವವನೇ ಮೊದಲು ತಲೆ ತಗ್ಗಿಸಬೇಕು. ಎದುರಿನವರಿಗೆ ಅದು ನಮಸ್ಕಾರದಂತೆ ಕಾಣುತ್ತದೋ ಏನೋ. ಷಟರಿನ ಸದ್ದೂ ಇಲ್ಲ ಅನ್ನಬೇಕು, ನಾಲಗೆ ಲೊಚಗುಟ್ಟಿದಷ್ಟು.

ರೋಲ್ ತೊಳೆದದ್ದು ಕಾಕು ಅವರ ಸ್ನಾನದ ಮನೆಯಲ್ಲಿ. ಕಿಟಕಿಗೆ ಕರಿಬಟ್ಟೆ. ಡೆವಲಪರ್ ಇಪ್ಪತ್ತು ಡಿಗ್ರಿಯಲ್ಲಿರಬೇಕು ಅಂತ ಪುಸ್ತಕ ಹೇಳುತ್ತದೆ. ಮೇ ತಿಂಗಳ ಕಲ್ಕತ್ತೆಯ ನಲ್ಲಿ ನೀರಿಗೆ ಆ ಪುಸ್ತಕ ಓದಲು ಬಾರದು! ಕಾಕಿಮಾ ಫ್ರಿಜ್ಜಿನಿಂದ ಐಸ್ ತಂದು ಬಕೆಟ್ಟಿಗೆ ಹಾಕಿ, ನಮ್ಮಿಬ್ಬರನ್ನೂ ಬಂಗಾಳಿಯಲ್ಲಿ ಬೈದು ಹೋದರು. ಏಳೂವರೆ ನಿಮಿಷ ಡಬ್ಬಿ ಅಲುಗಿಸಿ, ಫಿಕ್ಸರ್ ಹಾಕಿ, ತೊಳೆದು, ಹಗ್ಗಕ್ಕೆ ನೇತುಹಾಕಿದೆವು. ಒಣಗಿದ ಮೇಲೆ ಕಿಟಕಿಗೆ ಹಿಡಿದರೆ ಆ ಅಜ್ಜಿ ಇದ್ದಾರೆ. ಕರಿಮುಖ, ಬಿಳೀ ಕಣ್ಣುಗುಡ್ಡೆ, ಆದರೂ ಅವರೇ. ಮಾಮೂಲು 35 ಮಿಲಿಮೀಟರ್ ಫಿಲ್ಮಿನ ಚಿತ್ರಕ್ಕಿಂತ ಇದು ಮೂರೂವರೆ ಪಾಲು ದೊಡ್ಡದು. ಬರಿಗಣ್ಣಿಗೇ ಗುರುತು ಸಿಗುತ್ತದೆ. ಊರೂರಿನ ಸ್ಟುಡಿಯೊದವರು ಎಷ್ಟೋ ವರ್ಷ ಇದನ್ನೇ ನೆಚ್ಚಿಕೊಂಡಿದ್ದರು. ನೆಗೆಟಿವನ್ನು ಕಾಗದದ ಮೇಲೆ ಹಾಗೇ ಒತ್ತಿ ಪ್ರಿಂಟ್ ಹಾಕಿದರೂ ಆಲ್ಬಮ್ಮಿಗೆ ಅಂಟಿಸುವಷ್ಟು ದೊಡ್ಡದಾಗಿರುತ್ತಿತ್ತು.

ಇಷ್ಟು ಸವಿನೆನಪು. ಈಗ ವಿಷಯಕ್ಕೆ ಬರುತ್ತೇನೆ.

ಕಾಕು ಅವರ ಅಂಗಡಿ ಇದ್ದ ಕಟ್ಟಡವನ್ನು ಹೋದ ವರ್ಷ ಪ್ರಮೋಟರಿಗೆ ಕೊಟ್ಟರು. ಕಲ್ಕತ್ತೆಯಲ್ಲಿ ಹಳೇ ಮನೆ ಒಡೆದು ಫ್ಲ್ಯಾಟ್ ಎಬ್ಬಿಸುವವನಿಗೆ ಪ್ರಮೋಟರ್ ಅನ್ನುತ್ತಾರೆ. ಯಾರದೂ ತಪ್ಪಿಲ್ಲ. ಕಾಕುಗೆ ವಯಸ್ಸಾಗಿದೆ, ಮಗ ಪುಣೆಯಲ್ಲಿ. ಅಂಗಡಿ ಖಾಲಿ ಮಾಡಿದಾಗ ಯಾಷಿಕಾ ಒಂದೇ ದಿನದಲ್ಲಿ ಮಾರಾಟವಾಯಿತು. ಲೈಟ್ ಸ್ಟ್ಯಾಂಡುಗಳು ಹೋದವು. ಹಿಂದೆ ಇಳಿಬಿಡುವ ಪರದೆ, ತಾಜಮಹಲಿನದು, ಅದನ್ನೂ ಒಂದು ಕಾಫಿ ಅಂಗಡಿಯವರು ಅಲಂಕಾರಕ್ಕೆಂದು ಒಳ್ಳೆ ಬೆಲೆ ಕೊಟ್ಟು ಒಯ್ದರಂತೆ. ಉಳಿದದ್ದು ಎರಡು ತಗಡಿನ ಟ್ರಂಕು, ಒಂದು ಕಟ್ಟು ಕೆಂಪು ಬಟ್ಟೆಯ ರಿಜಿಸ್ಟರು. ಟ್ರಂಕಿನ ತುಂಬ ಕಾಗದದ ಲಕೋಟೆಗಳು, ಒಂದೊಂದರಲ್ಲೂ 120 ನೆಗೆಟಿವ್. ಹಳೇ ಸಾಮಾನಿನವನು ಬಂದು ಒಂದನ್ನು ಎತ್ತಿ ನೋಡಿ, ಬಣ್ಣದ್ದೋ ಕಪ್ಪು-ಬಿಳುಪೋ ಅಂತ ಕೇಳಿದನಂತೆ.

ಯಾಕೆ ಕೇಳಿದ ಗೊತ್ತೇ? ಕಪ್ಪು-ಬಿಳುಪು ನೆಗೆಟಿವಿನಲ್ಲಿ ಚಿತ್ರವಾಗಿ ನಿಂತಿರುವುದು ಬೆಳ್ಳಿ. ನಿಜವಾದ ಬೆಳ್ಳಿಯ ಕಣಗಳು. ಕಲರಿನಲ್ಲಿ ತೊಳೆಯುವಾಗಲೇ ಬೆಳ್ಳಿ ಹೊರಟುಹೋಗಿ ಬಣ್ಣ ಮಾತ್ರ ಉಳಿಯುತ್ತದೆ. ಆದ್ದರಿಂದ ಬೆಳ್ಳಿ ಇಳಿಸುವವರಿಗೆ ಹಳೇ ಎಕ್ಸ್‌ರೇ, ಹಳೇ ಕಪ್ಪು-ಬಿಳುಪು ಫಿಲ್ಮ್ ಅಂದರೆ ಆಸೆ. ಅಜ್ಜಿಯ ಮುಖ ಕರಗಿಸಿದರೆ ಗುಲಗಂಜಿಯಷ್ಟೂ ಬೆಳ್ಳಿ ಬರುವುದಿಲ್ಲ, ಆದರೂ ಟ್ರಂಕಿನ ಲೆಕ್ಕದಲ್ಲಿ ಹಿಡಿದರೆ ಏನೋ ಗಿಟ್ಟುತ್ತದೆ.

ನಮ್ಮ ಅಕೌಂಟೆನ್ಸಿ ಪುಸ್ತಕದ ಪ್ರಕಾರ ಅವನ ಲೆಕ್ಕ ಸರಿಯೇ. ಕ್ಯಾಮೆರಾ ಆಸ್ತಿ, ವರ್ಷವರ್ಷ ಸವಕಳಿ ಕಳೆದು ಪುಸ್ತಕದ ಬೆಲೆ ಒಂದು ರೂಪಾಯಿಗೆ ಇಳಿದರೂ ಆಸ್ತಿಯೇ. ನೆಗೆಟಿವ್ ಯಾವ ತಲೆಬರಹದಡಿಯೂ ಬರುವುದಿಲ್ಲ. ಪ್ರಿಂಟ್ ಕೊಟ್ಟು ದುಡ್ಡು ಇಸಕೊಂಡ ಮೇಲೆ ಅದು ಮುಗಿದ ವ್ಯವಹಾರ. ಕಡೆಗೆ ತೂಕದ ಬೆಲೆಯೇ ಗತಿ.

ಆದರೆ ನಾನು ಆ ರಿಜಿಸ್ಟರ್ ಓದಿದ್ದೇನೆ. ಹೋದ ಬೇಸಿಗೆಯಲ್ಲಿ ಮತ್ತೆ ಅಲ್ಲಿಗೆ ಹೋದಾಗ ಟ್ರಂಕುಗಳು ಮಾವನ ಮನೆಯ ಮಂಚದಡಿ ಇದ್ದವು. ನಾನು ಗೋಗರೆದಿದ್ದಕ್ಕೆ ಮಾವ ತಂದಿಟ್ಟುಕೊಂಡಿದ್ದರು. ದಿನಾ ಸಂಜೆ ಕಾಕು ಬರುತ್ತಿದ್ದರು, ಮುಡಿ ತಿನ್ನುತ್ತಾ (ನಮ್ಮ ಮಂಡಕ್ಕಿಯೇ, ಸಾಸಿವೆಣ್ಣೆ ಹಾಕಿದ್ದು) ಕೂತು ಓದಿ ಹೇಳುತ್ತಿದ್ದರು. ಬಂಗಾಳದ ವ್ಯಾಪಾರಿಗಳು ಏಪ್ರಿಲ್ ಮಧ್ಯದಲ್ಲಿ ಬರುವ ಅವರ ಹೊಸವರ್ಷದ ದಿನ ಹೊಸ ಲೆಕ್ಕದ ಪುಸ್ತಕ ಪೂಜೆ ಮಾಡಿ ತೆರೆಯುತ್ತಾರೆ, ಹಾಲ್‌ಖಾತಾ ಅಂತ. ನಮ್ಮ ಅಂಗಡಿಯವರು ದೀಪಾವಳಿಯಲ್ಲಿ ಮಾಡುತ್ತಾರಲ್ಲ, ಹಾಗೆ. ಕಾಕು ಪ್ರತಿ ವರ್ಷ ಹಾಗೆಯೇ ಒಂದೊಂದು ರಿಜಿಸ್ಟರ್ ತೆರೆದಿದ್ದರು. ಇಸವಿಯೂ ಬಂಗಾಳಿ ಇಸವಿ. 1385 ಅಂತ ಇದ್ದರೆ ಅದು ನಮ್ಮ 1978ರ ಏಪ್ರಿಲಿನಿಂದ. ಅಂಕಿಗಳದು ಇನ್ನೊಂದು ಪಜೀತಿ, ಅವರ ನಾಲ್ಕು ನೋಡಿದರೆ ಇಂಗ್ಲಿಷಿನ ಎಂಟು, ಅವರ ಏಳು ಇಂಗ್ಲಿಷಿನ ಒಂಬತ್ತಿನ ತಮ್ಮ. ನಂಬರು, ಹೆಸರು, ಯಾತಕ್ಕೆ, ಅಡ್ವಾನ್ಸು, ಬಾಕಿ: ಇಷ್ಟು ಕಾಲಂ.

ಆ 'ಯಾತಕ್ಕೆ' ಅನ್ನುವ ಕಾಲಂ ಓದಬೇಕು ಗೆಳೆಯರೇ. ಮಗುವಿನ ಅನ್ನಪ್ರಾಶನ. ನೌಕರಿ ಅರ್ಜಿಗೆ. ಹೆಣ್ಣು ತೋರಿಸಲಿಕ್ಕೆ. ಮತ್ತೆ ಹೆಣ್ಣು ತೋರಿಸಲಿಕ್ಕೆ, ಅದೇ ಹೆಸರು, ಮೂರು ವರ್ಷ ಬಿಟ್ಟು. ಮುದುಕರು ತೀರಿಕೊಂಡಿದ್ದಾರೆ, ಮನೆಗೆ ಬರಬೇಕಂತೆ. ದೇಶ ಒಡೆದಾಗ ಪೂರ್ವ ಬಂಗಾಳದಿಂದ ಬರಿಗೈಲಿ ಬಂದವರು ಬಹಳ ಮಂದಿ ಬೇರೂರಿದ ಜಾಗ ಬೆಹಾಲಾ. ಊರು ಮನೆ ಬಿಟ್ಟು ಓಡಿಬಂದವರಿಗೆ ಹಳೇ ಫೋಟೊ ಎಲ್ಲಿಂದ ಬರಬೇಕು? ಎಷ್ಟೋ ಸಂಸಾರಗಳ ಫೋಟೊ ಶುರುವಾಗುವುದೇ ಇಂಥ ಅಂಗಡಿಗಳಿಂದ. ಕಾಕು ಬಿಡುವಿದ್ದಾಗ ಬೀದಿಗೂ ಹೋಗಿ ತೆಗೆದಿದ್ದಾರೆ. ಡೈಮಂಡ್ ಹಾರ್ಬರ್ ರಸ್ತೆಯಲ್ಲಿ ಜೋಕಾಕ್ಕೆ ಹೋಗುವ ಟ್ರ್ಯಾಮು. 2011ರಲ್ಲಿ ಆ ಟ್ರ್ಯಾಮ್ ನಿಂತಿತು. ಅದೇ ರಸ್ತೆಯ ತಲೆ ಮೇಲೆ ಮೆಟ್ರೊ ಎದ್ದು, 2022ರ ಡಿಸೆಂಬರಿನಿಂದ ಓಡುತ್ತಿದೆ. ಟ್ರ್ಯಾಮು ಲಕೋಟೆಯಲ್ಲಿ ಮಾತ್ರ ಇದೆ.

ಒಂದೆರಡು ಕಡೆ ಕೇಳಿ ನೋಡಿದೆವು. 'ಹೆಸರುವಾಸಿಯಾದವರ ಚಿತ್ರ ಏನಾದರೂ ಇದೆಯಾ?' ಅಂತ ಮೊದಲ ಪ್ರಶ್ನೆ. ಇಲ್ಲ ಅಂದ ಮೇಲೆ ಎರಡನೇ ಪ್ರಶ್ನೆ ಬರಲಿಲ್ಲ.

ಹೆಸರುವಾಸಿಯಾದವರ ನೆಗೆಟಿವ್ ಆದರೂ ಉಳಿದಿದೆಯೇ ಅಂದರೆ ಅದೂ ಅನುಮಾನ. ಕಲ್ಕತ್ತೆಯ ಬೋರ್ನ್ ಅಂಡ್ ಶೆಫರ್ಡ್ ಸ್ಟುಡಿಯೊ ಪ್ರಪಂಚದ ತೀರ ಹಳೆಯ ಸ್ಟುಡಿಯೊಗಳಲ್ಲಿ ಒಂದು. ಒಂದೂವರೆ ಶತಮಾನ ನಡೆದು 2016ರಲ್ಲಿ ಮುಚ್ಚಿತು. ಆದರೆ ಅದರ ಭಂಡಾರದ ಬಹುಪಾಲು 1991ರ ಬೆಂಕಿಯಲ್ಲೇ ಹೋಗಿತ್ತು. ರಾಜ-ಮಹಾರಾಜರ ನೆಗೆಟಿವ್‌ಗಳ ಗತಿಯೇ ಹೀಗಾದರೆ ಗಲ್ಲಿಯವರದ್ದು ಕೇಳಬೇಕೆ. ಇದಕ್ಕೆ ಎದುರು ಇನ್ನೊಂದು ಕತೆ ಅಮೆರಿಕದ್ದು. ವಿವಿಯನ್ ಮಾಯರ್ ಎಂಬ ಹೆಂಗಸು ಶಿಕಾಗೊದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಳು. ರಜೆಯಲ್ಲಿ ರೋಲಿಫ್ಲೆಕ್ಸ್ ಹಿಡಿದು ಬೀದಿ ಸುತ್ತುತ್ತಿದ್ದಳು. ಪೆಟ್ಟಿಗೆಗಳನ್ನು ಇಟ್ಟಿದ್ದ ಗೋದಾಮಿನ ಬಾಡಿಗೆ ಕಟ್ಟಲಾಗದೆ 2007ರಲ್ಲಿ ಎಲ್ಲ ಹರಾಜಾಯಿತು. ಒಂದು ದೊಡ್ಡ ಪೆಟ್ಟಿಗೆ ಹೋದದ್ದು ನಾನೂರು ಡಾಲರಿಗೂ ಕಡಿಮೆಗೆ. ಕೊಂಡವನು ತೂಕಕ್ಕೆ ಹಾಕದೆ ಬಿಚ್ಚಿ ನೋಡಿದ. ಒಟ್ಟು ಲಕ್ಷಕ್ಕೂ ಮೇಲೆ ನೆಗೆಟಿವ್‌ಗಳು! ಅವಳು 2009ರಲ್ಲಿ ತೀರಿಕೊಂಡಳು, ಪ್ರಪಂಚಕ್ಕೆಲ್ಲ ಹೆಸರು ಗೊತ್ತಾದದ್ದು ಆಮೇಲೆ. ಕಾಕು ವಿವಿಯನ್ ಮಾಯರ್ ಅಂತ ನಾನು ಹೇಳುತ್ತಿಲ್ಲ. ಬಿಚ್ಚಿ ನೋಡದೆ ಯಾರು ಏನು ಅಂತ ತೂಕದವನು ಹೇಗೆ ಹೇಳಬಲ್ಲ ಅಂತಷ್ಟೇ ಕೇಳುತ್ತಿದ್ದೇನೆ.

ನಮ್ಮ ಊರುಗಳ ಕತೆಯೂ ಇದೇ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಸರ್ಕಾರಿ ಕಾರ್ಖಾನೆಯ 'ಇಂದು' ಫಿಲ್ಮ್ ನಮ್ಮ ಕಡೆಯ ಸ್ಟುಡಿಯೊದವರಿಗೆಲ್ಲ ಪರಿಚಯದ್ದು. ಆ ಕಾರ್ಖಾನೆಯೂ ಬಾಗಿಲು ಹಾಕಿತು. ನಮ್ಮ ಅಜ್ಜನದು ಇರುವುದು ಒಂದೇ ಫೋಟೊ, ಗೆದ್ದಲು ಹಿಡಿದು ಅರ್ಧ ಮುಖ ಹೋಗಿದೆ. ತೆಗೆದ ಸ್ಟುಡಿಯೊ ನಮ್ಮ ಹೋಬಳಿ ಊರಲ್ಲೇ ಇತ್ತು. ಅಲ್ಲಿಗೆ ಹೋಗಿ ಕೇಳಿದರೆ 'ಮೊಬೈಲ್ ರೀಚಾರ್ಜ್ ಅಂಗಡಿ ಮಾಡುವಾಗ ಅವನ್ನೆಲ್ಲ ಹಾಕಿಬಿಟ್ವಿ' ಅಂದರು. ಅಜ್ಜಿ ಇನ್ನೂ ಆ ಅರ್ಧ ಮುಖಕ್ಕೇ ಹೂ ಮುಡಿಸುತ್ತಾರೆ.

ಇದಕ್ಕೆ ಎದುರು ವಾದ ಇದೆ, ಬಲ್ಲೆ. ನೆಗೆಟಿವ್ ಏನು ಅಮೃತ ಕುಡಿದು ಬಂದಿದೆಯೇ? ನಿಜ, ಅದೂ ಸಾಯುತ್ತದೆ. ಕಲ್ಕತ್ತೆಯ ತೇವಕ್ಕೆ ಬೂಷ್ಟು ಬರುತ್ತದೆ. ಅಸಿಟೇಟ್ ಫಿಲ್ಮ್ ಸೆಕೆಗೆ ಕೊಳೆತು ಹುಳಿ ವಾಸನೆ ಹೊಡೆಯುತ್ತದೆ, ಒಂದು ಕೆಟ್ಟರೆ ಪಕ್ಕದ್ದನ್ನೂ ಕೆಡಿಸುತ್ತದೆ. ಅದಕ್ಕೇ ಅವಸರ ಅನ್ನುವುದು. ಇನ್ನು ಕೆಲವರು ಸ್ಕ್ಯಾನ್ ಮಾಡಿ ಇನ್‌ಸ್ಟಾಗ್ರಾಮಿಗೆ ಹಾಕಿಬಿಡೋಣ, ಲೈಕು ಬರುತ್ತೆ ಅನ್ನುತ್ತಾರೆ. ಇದು ನನಗೆ ಒಪ್ಪಿಗೆಯಿಲ್ಲ. ನಮ್ಮ ಬಿಸಿನೆಸ್ ಲಾ ಕ್ಲಾಸಿನವರಿಗೆ ಇದು ಉಪಯೋಗಕ್ಕೆ ಬಂದೀತು: 1957ರ ಕಾಪಿರೈಟ್ ಕಾಯಿದೆಯ 17ನೇ ಸೆಕ್ಷನ್ನಿನ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೊದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದು. ತೆಗೆದವರದಲ್ಲ. ಅಂದರೆ ಫಿಲ್ಮು ಸ್ಟುಡಿಯೊದ ಟ್ರಂಕಿನಲ್ಲಿ, ಚಿತ್ರದ ಹಕ್ಕು ಆ ಮನೆಯವರ ಹತ್ತಿರ. ಹೆಣ್ಣು ತೋರಿಸಲಿಕ್ಕೆ ನಿಂತ ಹುಡುಗಿ ಈಗ ಅಜ್ಜಿಯಾಗಿದ್ದಾಳೆ. ಅವಳನ್ನು ಕೇಳದೆ ಊರಿಗೆಲ್ಲ ತೋರಿಸಲು ನಾವು ಯಾರು? ಹಿಂದಿರುಗಿಸುವುದೊಂದೇ ದಾರಿ. ಹಿಂದಿರುಗಿಸಬೇಕಾದರೆ ರಿಜಿಸ್ಟರ್ ಬೇಕು. ರಿಜಿಸ್ಟರ್ ಹರಿದು ಹೋದ ನೆಗೆಟಿವ್ ಅನಾಥ. ಆದ್ದರಿಂದ ನಿಮ್ಮೂರ ಸ್ಟುಡಿಯೊಗೆ ಹೋದರೆ ಮೊದಲು ಲೆಕ್ಕದ ಪುಸ್ತಕ ಕೇಳಿ. ಕ್ಯಾಮೆರಾ ಆಮೇಲೆ ಕೇಳಿದರಾಯಿತು, ಅದು ಹೇಗೂ ಮಾರಾಟವಾಗಿರುತ್ತದೆ.

ಕಾಕು ಮತ್ತು ನಾನು ಆ ಬೇಸಿಗೆಯಲ್ಲಿ ಮೂವತ್ತೊಂದು ಲಕೋಟೆಗಳನ್ನು ಮನೆ ಮುಟ್ಟಿಸಿದೆವು. ಒಂದು ಮನೆಯಲ್ಲಿ, 1385ರ ರಿಜಿಸ್ಟರಿನ ಲಕೋಟೆ, ಅಣ್ಣ-ತಂಗಿ ಇಬ್ಬರು ಮಕ್ಕಳ ಚಿತ್ರ. ಬಾಕಿ ಕಾಲಮ್ಮಿನಲ್ಲಿ 2 ರೂಪಾಯಿ ಹಾಗೇ ಇತ್ತು. ಬಾಗಿಲು ತೆಗೆದದ್ದು ತಂಗಿ, ಅರವತ್ತರ ಹತ್ತಿರ ವಯಸ್ಸು. ಅಣ್ಣ ಇಲ್ಲವಂತೆ, ಹುಡುಗನಿದ್ದಾಗಲೇ ಹೋದನಂತೆ. ಆಕೆ ನೆಗೆಟಿವನ್ನು ಕಿಟಕಿಗೆ ಹಿಡಿದು ತುಂಬ ಹೊತ್ತು ನಿಂತರು. ಆಮೇಲೆ ಒಳಗೆ ಹೋಗಿ ಎರಡು ರೂಪಾಯಿ ತಂದು ಕಾಕು ಕೈಗೆ ಕೊಟ್ಟರು. ಕಾಕು ಬೇಡ ಅನ್ನಲಿಲ್ಲ, ಇಸಕೊಂಡರು. ಮನೆಗೆ ಬಂದು ರಿಜಿಸ್ಟರಿನಲ್ಲಿ ಜಮಾ ಬರೆದರು.

ಪ್ರಿಂಟ್ ಹಾಕಿಸುವ ಶಕ್ತಿ ಇಲ್ಲದಿದ್ದರೂ ನಡೆಯುತ್ತದೆ. ಒಂದು ಮೊಬೈಲಿನಲ್ಲಿ ಬಿಳೀ ಪರದೆ ತೆರೆದು ಮಲಗಿಸಿ, ಅದರಿಂದ ಒಂದಿಷ್ಟು ಎತ್ತರಕ್ಕೆ ನೆಗೆಟಿವ್ ಹಿಡಿದು, ಇನ್ನೊಂದು ಮೊಬೈಲಿನಲ್ಲಿ ಚಿತ್ರ ತೆಗೆದು ಕಪ್ಪು-ಬಿಳುಪು ತಿರುವುಮುರುವು ಮಾಡಿದರೆ ಮುಖ ಬಂದೇ ಬರುತ್ತದೆ. ಪರದೆಗೆ ತೀರ ತಾಗಿಸಿದರೆ ಚುಕ್ಕೆ ಚುಕ್ಕೆ ಬೀಳುತ್ತದೆ. ಅಂಚು ಮಾತ್ರ ಹಿಡಿಯಿರಿ, ಬೆರಳು ತಾಗಿಸಬೇಡಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ಕಾಗದವೇ ವಾಸಿ.

ಮಾವನಿಗೆ ಈ ಜೂನಿನಲ್ಲಿ ವರ್ಗ ಆಗುತ್ತದಂತೆ. ಎರಡು ಟ್ರಂಕೂ ಇನ್ನೂ ಮಂಚದಡಿಯೇ ಇವೆ, ಕಾಕುಗೆ ಕಣ್ಣು ಮಂಜಾಗುತ್ತಿದೆ. ರಿಜಿಸ್ಟರಿನ ಪುಟಗಳನ್ನೆಲ್ಲ ನಾನು ಮೊಬೈಲಿನಲ್ಲಿ ತೆಗೆದು ತಂದಿದ್ದೇನೆ, 1378ರಿಂದ 1408ರವರೆಗೆ. ನಮ್ಮ ಕಾಲೇಜಿನಲ್ಲಾಗಲಿ ಪಕ್ಕದ ಇಂಜಿನಿಯರಿಂಗ್ ಕಾಲೇಜಿನಲ್ಲಾಗಲಿ ಬಂಗಾಳಿ ಓದಲು ಬರುವವರು ಯಾರಾದರೂ ಇದ್ದರೆ ಸಂಘದ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ಸಿಕ್ಕಿಸಿ. ಶನಿವಾರ ಮಧ್ಯಾಹ್ನ ಕನ್ನಡ ವಿಭಾಗದ ಹಿಂದಿನ ಕೋಣೆ ಖಾಲಿ ಇರುತ್ತದೆ. ಮಂಡಕ್ಕಿ ನನ್ನದು.